ಶ್ರೀಮಾನ್ ಎಸ್. ಆರ್. ಕಂಠಿಯವರೂ ಹುನಗುಂದ ಮತಕ್ಷೇತ್ರವೂ

ಕೃಷ್ಣೆಯೂ ಮಲಪ್ರಭೆಯೂ ಒಂದಾಗುವ ತಾಣವು ಹುನಗುಂದ ಸೀಮೆಗೆ ಸೇರಿದುದು. ಶ್ರೀ ಬಸವೇಶ್ವರರ ವಿದ್ಯಾರ್ಜನೆಗೂ ಐಕ್ಯಕ್ಕೂ ಸ್ಥಾನವಾದ ಕೂಡಲಸಂಗಮವು ಆ ಸೀಮೆಯಲ್ಲಿಯೇ ಇರುವುದು. ಚಾಲುಕ್ಯರ ಐಹೊಳೆಯೂ, ಸೀರೆಯ ನೇಯ್ಗೆಯಿಂದ ಹೆಸರಾದ ಇಳಕಲ್ಲೂ ಅಲ್ಲಿಗೆ ದೂರವಲ್ಲ. ಇಷ್ಟೆಲ್ಲವೂ ಭಕ್ತಜನರಿಗೆ ತಿಳಿದ ಸಂಗತಿಯೇ ಆಗಿದೆ. ಆದರೆ ಆ ನೆಲಕ್ಕೆ ಶಿಲಾಶಾಸನಗಳಲ್ಲಿಲ್ಲದ ಇನ್ನೊಂದು ಚರಿತ್ರೆಯುಂಟು. ಅದು ಮತದಾರರ ಪಟ್ಟಿಯಲ್ಲಿ ಬರೆಯಲ್ಪಟ್ಟದ್ದು. ಆ ಪಟ್ಟಿಯಲ್ಲಿ ಹೆಸರಿದ್ದ ಒಕ್ಕಲಿಗರೂ ನೇಕಾರರೂ ತಮ್ಮ ಪ್ರತಿನಿಧಿಯನ್ನಾಗಿ ಆರಿಸಿ ಕಳುಹಿಸಿದ ಒಬ್ಬ ಮಹನೀಯರು ಒಂದು ರಾಜ್ಯದ ಮುಖ್ಯಮಂತ್ರಿಪದವನ್ನು ಏರಿ, ಮೂರು ತಿಂಗಳು ಕಳೆದು ಕೆಲವು ದಿನಗಳಾಗುವಷ್ಟರಲ್ಲಿ ಅದನ್ನು ತಾವಾಗಿಯೇ ಇನ್ನೊಬ್ಬರಿಗೆ ಒಪ್ಪಿಸಿ ಇಳಿದು ಬಂದರು. ಅವರೇ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು.

ಕಂಠಿಯವರು ಹುಟ್ಟಿದ್ದು 1908ರಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ. ಆ ಜಿಲ್ಲೆಯು ಅಂದು ಮುಂಬಯಿ ಇಲಾಖೆಗೆ ಸೇರಿದ್ದಿತು. ಮಳೆಯು ಕೈಕೊಟ್ಟರೆ ಬರ, ಕೈಹಿಡಿದರೆ ಬಿಳಿಜೋಳ ಎಂಬಂಥ ನಾಡದು. ಅಲ್ಲಿಯ ಬಾಲಕನೊಬ್ಬನು ಇಂಗ್ಲೀಷ ವಿದ್ಯೆಯನ್ನು ಪಡೆದು ನ್ಯಾಯಶಾಸ್ತ್ರದವರೆಗೆ ಓದುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ವಕೀಲರಾದ ಕಂಠಿಯವರು ಸ್ವಾತಂತ್ರ್ಯದ ಚಳವಳಿಗೂ ಕಾಂಗ್ರೆಸ್ಸಿಗೂ ಸೇರಿದರು. ಹುನಗುಂದವೇ ಅವರ ಸಾರ್ವಜನಿಕ ಜೀವನದ ಬೇರೂರಿದ ನೆಲವಾಯಿತು.

ಇಂದಿನವರಿಗೆ ಮತ ಹಾಕುವುದು ಬೆಳಗಿನ ಸ್ನಾನದಷ್ಟು ಸಹಜವಾದ ಕ್ರಿಯೆ. ಆದರೆ ಬ್ರಿಟಿಷರ ಕಾಲದ ಚುನಾವಣೆಗಳಲ್ಲಿ ಈ ಹಕ್ಕು ಕಂದಾಯ ಕಟ್ಟುವವರಿಗೂ, ಆಸ್ತಿಯುಳ್ಳವರಿಗೂ, ಇಷ್ಟು ಓದಿದವರೆಂದು ತೋರಿಸಬಲ್ಲವರಿಗೂ ಮಾತ್ರ ಇದ್ದಿತು. 1935ರ ಕಾಯಿದೆಯ ಮೇರೆಗೆ 1937ರಲ್ಲಿ ಮುಂಬಯಿ ಶಾಸನಸಭೆಗೆ ನಡೆದ ಚುನಾವಣೆಯಲ್ಲಿಯೂ ಕೂಲಿಯವನೂ, ಅವನ ಹೆಂಡತಿಯೂ, ಜೀತದವನೂ ದೂರ ನಿಂತು ನೋಡತಕ್ಕವರೇ ಆಗಿದ್ದರು. ಸ್ವತಂತ್ರ ಭಾರತದ ಸಂವಿಧಾನವು ಬಂದ ಮೇಲೆ, 1951ರ ಕೊನೆ ಮತ್ತು 1952ರ ಆದಿಯಲ್ಲಿ ನಡೆದ ಮೊದಲ ಮಹಾಚುನಾವಣೆಯಲ್ಲಿ, ಇಪ್ಪತ್ತೊಂದು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತವು ದೊರೆಯಿತು. ಹುಟ್ಟನ್ನಾಗಲಿ ಸಿರಿಯನ್ನಾಗಲಿ ಎಣಿಸದೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಕ್ರಮವು ಬಸವಾದಿ ಪ್ರಮಥರ ಅನುಯಾಯಿಗಳಿಗೆ ಹೊಸದೇನೂ ಅಲ್ಲ. ಸರಕಾರದ ಮೊಹರಿನೊಡನೆ ಅದು ಬಂದುದು ಮಾತ್ರ ಹೊಸದಾಗಿದ್ದಿತು.

ಆ ಮೊದಲ ಚುನಾವಣೆಯ ಪದ್ಧತಿಯೂ ವಿಚಿತ್ರವಾದುದು. ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತು. ಓದುಬರಹ ಬಾರದವರು ಗುರುತನ್ನು ನೋಡಿ ಚೀಟಿಯನ್ನು ಆ ಪೆಟ್ಟಿಗೆಯೊಳಗೆ ಹಾಕಬೇಕು. ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು. ಎತ್ತಿಗೆ ಬಸವನೆಂದು ಕೈಮುಗಿಯುವ ನಾಡಿನಲ್ಲಿ ಈ ಗುರುತಿಗೆ ಎಷ್ಟು ಬಲವಿದ್ದಿತೆಂಬುದನ್ನು ವಿವರಿಸಬೇಕಾಗಿಲ್ಲ. ಕಂಠಿಯವರು ಹುನಗುಂದದಿಂದ ಆರಿಸಿ ಬಂದು ಮುಂಬಯಿ ಶಾಸನಸಭೆಯನ್ನು ಸೇರಿದರು. ಆ ಸಭೆಯ 315 ಸ್ಥಾನಗಳಲ್ಲಿ 269 ಕಾಂಗ್ರೆಸ್ಸಿನ ಪಾಲಾಗಿದ್ದುವು. ಸಭಾಧ್ಯಕ್ಷರು ಶ್ರೀ ಕುಂಟೆಯವರು. ಉಪಸಭಾಧ್ಯಕ್ಷರಾಗಿ ಚುನಾಯಿತರಾದವರು ಕಂಠಿಯವರು. ಮರಾಠಿ, ಗುಜರಾತಿ, ಕನ್ನಡ ಎಂಬ ಮೂರು ನುಡಿಗಳ ಜನರು ಕೂಡಿದ್ದ ಆ ದೊಡ್ಡ ಸಭೆಯಲ್ಲಿ, ಕನ್ನಡಿಗರು ಎಣಿಕೆಯಲ್ಲಿ ಕಡಿಮೆಯಾಗಿದ್ದರೂ, ಅವರಲ್ಲೊಬ್ಬರಿಗೆ ಈ ಪೀಠವು ಒಲಿದು 1956ರವರೆಗೂ ಉಳಿಯಿತು.

ಇಲ್ಲಿ ಒಂದು ಸಂಗತಿಯನ್ನು ಹೇಳಿ ಮುಂದುವರಿಯಬೇಕು. ಹತ್ತು ವರ್ಷಗಳ ತರುವಾಯ ನಡೆದುದನ್ನು ತಿಳಿಯುವುದಕ್ಕೆ ಅದು ಬೇಕಾಗುವುದು. 1952ರ ಚುನಾವಣೆಯಲ್ಲಿ ಮುಂಬಯಿ ಕಾಂಗ್ರೆಸ್ಸಿನ ಪ್ರಮುಖರಾದ ಮೊರಾರ್ಜಿ ದೇಸಾಯಿಯವರು ತಮ್ಮ ಸ್ವಂತ ಕ್ಷೇತ್ರದಲ್ಲಿ ಸೋತರು. ಆದರೂ ಪಕ್ಷದವರು ಅವರನ್ನೇ ನಾಯಕರನ್ನಾಗಿ ಆರಿಸಿ ಮುಖ್ಯಮಂತ್ರಿಯನ್ನಾಗಿ ಮಾಡಿದರು. ಅನಂತರ ಅವರು ಉಪಚುನಾವಣೆಯಲ್ಲಿ ಗೆದ್ದು ಸಭೆಗೆ ಬಂದರು. ಸಂವಿಧಾನವು ಇದಕ್ಕೆ ಎಡೆಗೊಡುತ್ತದೆ. ಸಭೆಯ ಸದಸ್ಯನಲ್ಲದವನೂ ಮಂತ್ರಿಯಾಗಬಹುದು. ಆರು ತಿಂಗಳೊಳಗಾಗಿ ಅವನು ಸದಸ್ಯನಾಗಬೇಕು, ಅಷ್ಟೆ. ಹೀಗೆ, ಸೋತ ನಾಯಕನು ನೇರವಾಗಿ ಗದ್ದುಗೆಯನ್ನೇರಿದ ದೃಷ್ಟಾಂತವು ಕಂಠಿಯವರು ಕುಳಿತಿದ್ದ ಸಭೆಯಲ್ಲಿಯೇ ಒದಗಿದ್ದಿತು.

1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತು. ಮುಂಬಯಿಯ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು — ಇವೆಲ್ಲ ಹಳೆಯ ಮೈಸೂರಿನೊಡನೆ ಕೂಡಿದುವು. ಹುನಗುಂದದವರ ಪ್ರತಿನಿಧಿಯು ಮುಂಬಯಿಯ ಸಮುದ್ರತೀರವನ್ನು ಬಿಟ್ಟು ಬೆಂಗಳೂರಿನ ಹೊಸ ವಿಧಾನಸೌಧಕ್ಕೆ ಬಂದನು. ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಡಿಸೆಂಬರಿನಲ್ಲಿ ಕಂಠಿಯವರು ವಿಶಾಲ ಮೈಸೂರಿನ ವಿಧಾನಸಭೆಗೆ ಸಭಾಧ್ಯಕ್ಷರಾದರು.

ಆ ಪೀಠದಲ್ಲಿ ಕುಳಿತವರ ಕಷ್ಟವನ್ನು ಈಗ ಊಹಿಸುವುದು ಸುಲಭವಲ್ಲ. ಎಲ್ಲರೂ ಕನ್ನಡಿಗರೇ, ಆದರೆ ಒಂದೇ ಅಧಿಕಾರಿಯನ್ನು ಮೈಸೂರಿನವರು ಅಮಲ್ದಾರನೆಂದರೆ ವಿಜಾಪುರದವರು ಮಾಮಲೇದಾರನೆನ್ನುವರು, ಕಲಬುರ್ಗಿಯವರು ತಹಶೀಲ್ದಾರನೆನ್ನುವರು. ಭೂಮಿಯ ಕಾನೂನು ಒಂದೊಂದು ಭಾಗಕ್ಕೆ ಒಂದೊಂದು, ಶಾಲೆಯ ಕಟ್ಟಳೆ ಒಂದೊಂದು ಬಗೆ. ಒಬ್ಬರಿಗೆ ಸಹಜವಾದ ಮಾತು ಇನ್ನೊಬ್ಬರಿಗೆ ಒರಟಾಗಿ ಕೇಳಿಸುವುದು. ಒಬ್ಬರ ವಿನಯವು ಇನ್ನೊಬ್ಬರಿಗೆ ಜಾಣತನವಾಗಿ ಕಾಣುವುದು. ಇಂಥ ಸಭೆಯಲ್ಲಿ ಸಭಾಧ್ಯಕ್ಷನಾದವನು ಮೊದಲು ತನ್ನ ಊರನ್ನೂ ಆಮೇಲೆ ತನ್ನ ಪಕ್ಷವನ್ನೂ ಮರೆಯಬೇಕಾಗುತ್ತದೆ. ಮುಂಬಯಿಯಲ್ಲಿ ಮೂರು ಭಾಷೆಗಳ ನಡುವೆ ಪಳಗಿ ಬಂದಿದ್ದ ಕಂಠಿಯವರಿಗೆ ಈ ಅಭ್ಯಾಸವು ಇದ್ದಿತು. 1957ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 208ರಲ್ಲಿ 150 ಸ್ಥಾನಗಳು ದೊರೆತುವು. ಹುನಗುಂದವು ಕಂಠಿಯವರನ್ನೇ ಮತ್ತೆ ಆರಿಸಿತು. ಸಭೆಯೂ ಅವರನ್ನೇ ಪೀಠದಲ್ಲಿ ಉಳಿಸಿಕೊಂಡಿತು. ಸಭಾಧ್ಯಕ್ಷನಿಗೆ ಅವನ ಕ್ಷೇತ್ರದಲ್ಲಿ ಎದುರಾಳಿಯನ್ನು ನಿಲ್ಲಿಸಬಾರದೆಂಬ ಮರ್ಯಾದೆಯನ್ನು ಕೆಲವು ದೇಶಗಳಲ್ಲಿ ಪಾಲಿಸುವುದುಂಟು. ನಮ್ಮಲ್ಲಿ ಅದು ರೂಢಿಗೆ ಬರಲಿಲ್ಲ. ಆದಕಾರಣ ಇಲ್ಲಿಯ ಸಭಾಧ್ಯಕ್ಷರು ಐದು ವರ್ಷ ಪಕ್ಷಾತೀತರಾಗಿದ್ದು, ಚುನಾವಣೆ ಬಂದಾಗ ಮತ್ತೆ ಪಕ್ಷದ ಗುರುತಿನಿಂದಲೇ ನಿಲ್ಲಬೇಕಾಗುವುದು. ಇದು ಒಂದು ಬಗೆಯ ಕಠಿಣ ವ್ರತವೇ ಸರಿ.

ಅದಂತಿರಲಿ. 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ಅಧಿಕಾರವನ್ನು ಬಿಡಬೇಕಾಯಿತು. ಜಮಖಂಡಿಯ ಶ್ರೀ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾಗಿ, ನಾಲ್ಕು ವರ್ಷಗಳ ಕಾಲ ಆಡಳಿತವನ್ನು ನಡೆಸಿದರು. ಜತ್ತಿಯವರೂ ಕಂಠಿಯವರೂ ಒಂದೇ ವಿಜಾಪುರ ಜಿಲ್ಲೆಯವರು, ಒಂದೇ ಪಕ್ಷದವರು. ಮುಂದೆ ಬಂದ ಸಂಕಟಕ್ಕೆ ಈ ನೆರೆಹೊರೆಯ ಸಂಬಂಧವು ಇನ್ನಷ್ಟು ತೀವ್ರತೆಯನ್ನು ತಂದಿತು.

1962ರ ಫೆಬ್ರುವರಿಯಲ್ಲಿ ಮೂರನೆಯ ಮಹಾಚುನಾವಣೆಯು ನಡೆಯಿತು. ಪೆಟ್ಟಿಗೆಗಳ ಸಾಲು ಹೋಗಿ, ಒಂದೇ ಕಾಗದದ ಮೇಲೆ ಮುದ್ರೆಯೊತ್ತುವ ಪದ್ಧತಿ ಬಂದಿದ್ದಿತು. ಕಾಂಗ್ರೆಸ್ಸಿಗೆ ಈ ಸಲ 138 ಸ್ಥಾನಗಳು, ಬಹುಮತಕ್ಕೆ ಕೊರತೆಯಿಲ್ಲ. ಕಂಠಿಯವರು ಹುನಗುಂದದಿಂದ ಗೆದ್ದರು, ಜತ್ತಿಯವರು ಜಮಖಂಡಿಯಿಂದ. ಆದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ನಿಂತಿದ್ದ ನಿಜಲಿಂಗಪ್ಪನವರು ಪ್ರಜಾ ಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರೆದುರಿಗೆ ಸೋತರು. ಸಾಮಾನ್ಯವಾದ ಸೋಲು ಇದಲ್ಲ. ಏಕೀಕರಣಕ್ಕಾಗಿ ದುಡಿದು, ಏಕೀಕೃತ ನಾಡಿನ ಮೊದಲ ಮುಖ್ಯಮಂತ್ರಿಯಾಗಿದ್ದು, ಮತ್ತೆ ಆ ಸ್ಥಾನಕ್ಕೆ ಬರುವರೆಂದು ಅನೇಕರು ಎದುರು ನೋಡುತ್ತಿದ್ದ ಪುರುಷನನ್ನು ಒಂದು ತಾಲ್ಲೂಕಿನ ಮತದಾರರು ಬೇಡವೆಂದರು. ಜೋಡೆತ್ತಿನ ಮುಂದೆ ಸಮಾಜವಾದಿಗಳ ಗುಡಿಸಲು ಗೆದ್ದಿತು. ಗೆದ್ದ ರಂಗಪ್ಪನವರನ್ನೂ, ಅವರಿಗೆ ಮತ ಕೊಟ್ಟವರನ್ನೂ ಇದಕ್ಕಾಗಿ ದೂರುವುದು ನ್ಯಾಯವಲ್ಲ. ದೊಡ್ಡವನೆಂಬುದಕ್ಕಾಗಿ ಯಾರಿಗೂ ಮತವು ಮೀಸಲಾಗಿರುವುದಿಲ್ಲವೆಂದು ಹೊಸದುರ್ಗದ ಜನರು ತೋರಿಸಿದ್ದಾರೆ, ಅದನ್ನು ಒಪ್ಪಿಕೊಳ್ಳತಕ್ಕದ್ದೇ.

ಆದರೆ ಆಳುವ ಪಕ್ಷದ ಮುಂದೆ ದೊಡ್ಡ ತೊಡಕು ನಿಂತಿತು. ಜತ್ತಿಯವರು ಆಗ ಅಧಿಕಾರದಲ್ಲಿದ್ದವರು, ತಮ್ಮದೇ ಬೆಂಬಲಿಗರುಳ್ಳವರು. ನಿಜಲಿಂಗಪ್ಪನವರ ಕಡೆಯವರು ತಮ್ಮ ನಾಯಕರ ಹೊರತು ಇನ್ನೊಬ್ಬರನ್ನು ಒಪ್ಪರು. ಮುಂಬಯಿಯ 1952ರ ದೃಷ್ಟಾಂತವನ್ನು ಹಿಡಿದು ಸೋತವರನ್ನು ನೇರವಾಗಿ ಮುಖ್ಯಮಂತ್ರಿಯನ್ನಾಗಿ ಮಾಡಬಹುದಾಗಿತ್ತಲ್ಲವೆ ಎಂದು ಕೇಳಬಹುದು. ಕಾಯಿದೆಯು ಅಡ್ಡಿಯಾಗಿರಲಿಲ್ಲ. ಆದರೆ ಎದುರಿಗೆ ಇನ್ನೊಬ್ಬ ಬಲಶಾಲಿ ನಾಯಕರಿರುವಾಗ, ಕೆಲವೇ ವಾರಗಳ ಹಿಂದೆ ಜನರು ನಿರಾಕರಿಸಿದವರನ್ನು ಹಿಂಬಾಗಿಲಿನಿಂದ ಕರೆತಂದರೆಂಬ ಅಪವಾದಕ್ಕೆ ಗುರಿಯಾಗುವುದು ಮರ್ಯಾದೆಯ ದಾರಿಯಾಗಿ ತೋರಿರಲಾರದು. ಕೊನೆಗೆ ಎಲ್ಲರ ದೃಷ್ಟಿಯೂ ಸಭಾಧ್ಯಕ್ಷರ ಮೇಲೆ ಬಿದ್ದಿತು. 1962ರ ಮಾರ್ಚ್ 14ರಂದು, ಶ್ರೀ ಜಯಚಾಮರಾಜ ಒಡೆಯರು ರಾಜ್ಯಪಾಲರಾಗಿದ್ದಾಗ, ಕಂಠಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು. ಹುನಗುಂದದ ಮತಪೆಟ್ಟಿಗೆಯಿಂದ ಹೊರಟವರು ನಾಡಿನ ಗದ್ದುಗೆಗೆ ಬಂದರು. ಆದರೆ ಅವರನ್ನು ಅಲ್ಲಿಗೆ ಏರಿಸಿದ್ದು ಒಂದರ್ಥದಲ್ಲಿ ಹೊಸದುರ್ಗದ ಮತಪೆಟ್ಟಿಗೆ.

ಮಠಗಳ ಪರಂಪರೆಯನ್ನು ಬಲ್ಲವರಿಗೆ ಇಂಥ ಕಾರ್ಯಭಾರವು ಅಪರಿಚಿತವಲ್ಲ. ಪೀಠಾಧಿಪತಿಗಳು ಲಿಂಗೈಕ್ಯರಾಗಿ, ಉತ್ತರಾಧಿಕಾರಿಯು ಇನ್ನೂ ಬಾಲವಟುವಾಗಿರುವಾಗ, ಶಾಖಾಮಠದ ಹಿರಿಯ ಸ್ವಾಮಿಗಳೊಬ್ಬರು ಕೀಲಿಕೈ ಗೊಂಚಲನ್ನು ಹಿಡಿದು, ದಾಸೋಹವು ನಿಲ್ಲದಂತೆಯೂ ಹೊಲಗಳ ಲಾವಣಿಯು ಬಾಕಿ ಬೀಳದಂತೆಯೂ ನೋಡಿಕೊಂಡು, ಪಟ್ಟಾಧಿಕಾರದ ದಿವಸ ಗೊಂಚಲನ್ನು ಒಪ್ಪಿಸಿ ತಮ್ಮ ಮಠಕ್ಕೆ ಹಿಂದಿರುಗುವುದುಂಟು. ಒಪ್ಪಿಸದೆ ಕೋರ್ಟಿನ ಮೆಟ್ಟಿಲನ್ನು ಹತ್ತಿದವರೂ ಉಂಟು. ಆ ಮಾತು ಇಲ್ಲಿ ಬೇಡ. ಮಠದ ಕಾರ್ಯಭಾರಕ್ಕೆ ಸಂಪ್ರದಾಯದ ಕಟ್ಟಾದರೂ ಇರುತ್ತದೆ. ಮುಖ್ಯಮಂತ್ರಿಪದಕ್ಕೆ ಅಂಥ ಕಟ್ಟಿಲ್ಲ. ಒಮ್ಮೆ ಪ್ರಮಾಣವಚನವನ್ನು ಸ್ವೀಕರಿಸಿದ ಮೇಲೆ, ಸಭೆಯ ಬಹುಮತವು ತನ್ನ ಬೆನ್ನಿಗಿರುವವರೆಗೂ ಅವನನ್ನು ಇಳಿಸುವವರಿಲ್ಲ. ತಾತ್ಕಾಲಿಕ ಮುಖ್ಯಮಂತ್ರಿಯೆಂಬ ಪದವು ಸಂವಿಧಾನದ ಯಾವ ಪುಟದಲ್ಲಿಯೂ ಇಲ್ಲ. ಮಂತ್ರಿಪದಗಳು ಕೈಯಲ್ಲಿರುವಾಗ, ಪಕ್ಷದಲ್ಲಿ ಎರಡು ಬಣಗಳಿರುವಾಗ, ಇತ್ತ ಕೆಲವರನ್ನೂ ಅತ್ತ ಕೆಲವರನ್ನೂ ಸೇರಿಸಿಕೊಂಡು ಮೂರನೆಯ ಬಣವೊಂದನ್ನು ಕಟ್ಟುವುದು ಬುದ್ಧಿವಂತನಾದ ವಕೀಲನಿಗೆ ಅಸಾಧ್ಯವಾದ ಕೆಲಸವಲ್ಲ. ಆಮೇಲಿನ ಕಾಲದಲ್ಲಿ ಈ ದೇಶದ ಹಲವು ರಾಜ್ಯಗಳಲ್ಲಿ ನಡೆದುದನ್ನು ನೋಡಿದವರಿಗೆ ಇದು ಎಷ್ಟು ಸುಲಭವೆಂಬುದು ಗೊತ್ತು. ಕಂಠಿಯವರು ಆ ದಾರಿಗೆ ಹೋಗಲಿಲ್ಲ.

ಅತ್ತ ನಿಜಲಿಂಗಪ್ಪನವರಿಗೆ ಸಭೆಯೊಳಗೆ ಬರಲು ಒಂದು ಕ್ಷೇತ್ರವು ಬೇಕಾಗಿದ್ದಿತು. ಬಾಗಲಕೋಟೆಯಿಂದ ಗೆದ್ದಿದ್ದ ಶ್ರೀ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. 1957ರಲ್ಲಿಯೂ ಅಲ್ಲಿಂದ ಗೆದ್ದಿದ್ದವರು ಅವರೇ. ಕಂಠಿಯವರ ತ್ಯಾಗವನ್ನು ಕೊಂಡಾಡುವವರು ಮುರನಾಳರನ್ನು ಮರೆಯುವುದುಂಟು, ಅದು ಸರಿಯಲ್ಲ. ಮುಖ್ಯಮಂತ್ರಿಪದವನ್ನು ಬಿಟ್ಟವರಿಗೆ ಕೀರ್ತಿಯಾದರೂ ಬರುತ್ತದೆ. ಶಾಸಕನ ಸ್ಥಾನವನ್ನು ಬಿಟ್ಟವರಿಗೆ ಅಷ್ಟೂ ಬರಲಿಲ್ಲ. ಆದರೆ ಇನ್ನೊಂದು ಮಾತನ್ನೂ ಆಡಬೇಕು. ಫೆಬ್ರುವರಿಯಲ್ಲಿ ತಮ್ಮವರೊಬ್ಬರನ್ನು ಆರಿಸಿದ್ದ ಬಾಗಲಕೋಟೆಯ ಮತದಾರರು ಕೆಲವು ತಿಂಗಳೊಳಗೆ ದೂರದ ಚಿತ್ರದುರ್ಗದವರನ್ನು ಆರಿಸಬೇಕಾಯಿತು. ಹೊಸದುರ್ಗದವರು ಬೇಡವೆಂದವರು ಬಾಗಲಕೋಟೆಯವರಿಗೆ ಬೇಕಾದರೇ ಎಂಬ ಪ್ರಶ್ನೆಯನ್ನು ಅಂದು ಕೇಳಿದವರಿದ್ದರೆ ಅವರನ್ನು ಕುತರ್ಕಿಗಳೆನ್ನಲಾಗದು. ಪಕ್ಷದ ಅನುಕೂಲಕ್ಕಾಗಿ ಕ್ಷೇತ್ರವನ್ನು ಮನೆಯ ಪಡಸಾಲೆಯಂತೆ ತೆರವು ಮಾಡಿಕೊಡುವ ಪದ್ಧತಿಯಲ್ಲಿ ಮತದಾರನ ಗೌರವಕ್ಕೆ ಒಂದಿಷ್ಟು ಕುಂದು ಬಂದೇ ಬರುತ್ತದೆ. ಉಪಚುನಾವಣೆಯಲ್ಲಿ ಅವರನ್ನು ಆರಿಸಿ ಕಳುಹಿಸಿದವರು ಬಾಗಲಕೋಟೆಯ ಜನರೇ ಆದುದರಿಂದ ಆ ಕುಂದು ಬಹುಮಟ್ಟಿಗೆ ತೊಳೆದುಹೋಯಿತು.

ಈ ಸಂಬಂಧಕ್ಕೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗಲೇ, 1964ರ ಮೇ 22ರಂದು, ಆಲಮಟ್ಟಿಯಲ್ಲಿ ಶ್ರೀ ಲಾಲಬಹಾದೂರ ಶಾಸ್ತ್ರಿಗಳ ಹಸ್ತದಿಂದ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಬರದ ಸೀಮೆಗೆ ನೀರಿನ ಆಸೆ ಹುಟ್ಟಿತು. ದಶಕಗಳು ಕಳೆದು ಕಟ್ಟೆಯು ಏರಿದಾಗ ಹಳೆಯ ಬಾಗಲಕೋಟೆಯ ಒಂದು ಭಾಗವೇ ಹಿನ್ನೀರಿನ ಪಾಲಾಗಿ, ಊರಿನವರನೇಕರು ನವನಗರಕ್ಕೆ ಹೋಗಿ ನೆಲಸಬೇಕಾಯಿತು. ನಾಯಕನಿಗೆ ಸ್ಥಾನವನ್ನು ಕೊಟ್ಟ ಊರು ನಾಡಿಗೆ ನೆಲವನ್ನೂ ಕೊಟ್ಟಿತು.

1962ರ ಜೂನ್ ತಿಂಗಳಿಗೆ ಹಿಂದಿರುಗೋಣ. ಬಾಗಲಕೋಟೆಯಿಂದ ಗೆದ್ದು ನಿಜಲಿಂಗಪ್ಪನವರು ಸದಸ್ಯರಾದ ಮೇಲೆ ಕಂಠಿಯವರು ತಡಮಾಡಲಿಲ್ಲ. ಜೂನ್ 20ಕ್ಕೆ ಅವರ ಅಧಿಕಾರವು ಮುಗಿಯಿತು. ಮರುದಿನ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಅಲ್ಪಕಾಲದ ಆ ಆಡಳಿತದಲ್ಲಿ ಕಂಠಿಯವರು ಮಾಡಿದುದೇನೆಂದು ಲೆಕ್ಕ ಕೇಳುವವರಿಗೆ ದೊಡ್ಡ ಪಟ್ಟಿಯನ್ನು ತೋರಿಸುವಂತಿಲ್ಲ. ಅವರನ್ನು ಇತರರ ಕೈಯ ಗೊಂಬೆಯೆಂದು ಹಗುರವಾಗಿ ನೋಡುವವರೂ ಇಲ್ಲದಿಲ್ಲ. ಆದರೆ ಗೊಂಬೆಗೆ ಬಿಡುವುದಕ್ಕೆ ಸ್ವಂತದ್ದು ಏನೂ ಇರುವುದಿಲ್ಲ, ಕಂಠಿಯವರಿಗೆ ಇದ್ದಿತು. ಐದು ವರ್ಷಗಳಿಗೂ ಮೀರಿ ಸಭೆಯ ಪೀಠದಲ್ಲಿದ್ದು ಎಲ್ಲ ಭಾಗಗಳ ಸದಸ್ಯರಿಗೂ ಪರಿಚಿತರಾಗಿದ್ದವರು ಅವರು. ಜಗಳವನ್ನು ಬೆಳೆಸಬಲ್ಲ ಶಕ್ತಿಯಿದ್ದೂ ಬೆಳೆಸದಿದ್ದವರು.

ಇನ್ನೂ ಗಮನಿಸತಕ್ಕದ್ದೆಂದರೆ ಇಳಿದ ಮೇಲಿನ ನಡತೆ. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗಿರಲು ಸಾಮಾನ್ಯವಾಗಿ ಮನಸ್ಸು ಮಾಡರು. ಕಂಠಿಯವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾದರು. ನಿನ್ನೆ ತಾವು ಕುಳಿತಿದ್ದ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕೆಲಸವನ್ನು ಮಾಡಿದರು. ಮೂರು ತಿಂಗಳ ಮುಖ್ಯಮಂತ್ರಿಯಾಗಿ ಅವರು ಉಳಿಸಿದುದಕ್ಕಿಂತ ವಿದ್ಯಾಮಂತ್ರಿಯಾಗಿ ಉಳಿಸಿದುದೇ ಹೆಚ್ಚೆಂದು ಹೇಳಿದರೆ ಅವರ ಗೌರವಕ್ಕೆ ಕಡಿಮೆಯಾಗದು.

ಐದು ಭಾಗಗಳ ಐದು ಬಗೆಯ ಶಿಕ್ಷಣ ಕ್ರಮಗಳನ್ನು ಒಂದು ದಾರಿಗೆ ತರುವ ಕಾರ್ಯವು ಆಗ ನಡೆಯುತ್ತಿದ್ದಿತು. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯು 1961ರಲ್ಲಿಯೇ ಬಂದಿದ್ದಿತು. ಕಂಠಿಯವರ ಕಾಲದಲ್ಲಿ, 1964ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯವು ಹುಟ್ಟಿತು. ಅದಕ್ಕೂ ಮುಂಚೆ, ಚೀನಾದೊಡನೆ ಯುದ್ಧವಾದ ಮರುವರ್ಷ, 1963ರ ಸೆಪ್ಟೆಂಬರಿನಲ್ಲಿ ವಿಜಾಪುರದ ಸೈನಿಕ ಶಾಲೆಯು ಆರಂಭವಾಯಿತು. ರಾಜ್ಯಕ್ಕೆ ದೊರೆತ ಆ ಶಾಲೆಯನ್ನು ಬರಪೀಡಿತವಾದ ತಮ್ಮ ಜಿಲ್ಲೆಗೆ ತರುವುದರಲ್ಲಿ ಕಂಠಿಯವರ ಪರಿಶ್ರಮವು ದೊಡ್ಡದು. ಜೋಳದ ಹೊಲದ ಹುಡುಗನು ಸೇನಾಧಿಕಾರಿಯಾಗಬಹುದೆಂಬ ನಂಬಿಕೆಯು ಆ ಸೀಮೆಗೆ ಬಂದುದು ಆ ಶಾಲೆಯಿಂದ. ಹುಡುಗರಿಗೆ ಇದ್ದಮೇಲೆ ಹುಡುಗಿಯರಿಗೆ ಏಕಿರಬಾರದು? 1824ರಲ್ಲಿ ರಾಣಿ ಚೆನ್ನಮ್ಮನು ಬ್ರಿಟಿಷರನ್ನು ಎದುರಿಸಿದ ಕಿತ್ತೂರಿನಲ್ಲಿ, ಅವಳ ಹೆಸರಿನಿಂದಲೇ ಬಾಲಕಿಯರ ವಸತಿಶಾಲೆಯೊಂದು 1969ರಲ್ಲಿ ನೆಲೆಗೊಂಡಿತು. ಅದರ ಸ್ಥಾಪಕರೆಂದು ನೆನೆಯಲ್ಪಡುವವರು ಕಂಠಿಯವರೇ. ಸೈನಿಕ ಶಾಲೆಗಳು ಹೆಣ್ಣುಮಕ್ಕಳಿಗೆ ಬಾಗಿಲನ್ನು ತೆರೆದದ್ದು ಇದಾದ ಮೇಲೆ ಸುಮಾರು ಐವತ್ತು ವರ್ಷಗಳಿಗೆ ಎಂಬುದನ್ನು ನೆನೆದರೆ ಕಿತ್ತೂರಿನ ಕಾರ್ಯದ ಬೆಲೆಯು ತಿಳಿಯುವುದು.

ಕ್ಷೇತ್ರಗಳ ದೃಷ್ಟಿಯಿಂದ ಈ ಇಬ್ಬರು ನಾಯಕರ ಜೀವನವನ್ನು ಹೋಲಿಸುವುದು ಸ್ವಾರಸ್ಯವಾಗಿದೆ. ನಿಜಲಿಂಗಪ್ಪನವರು 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ, 1957ರಲ್ಲಿ ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಗೆದ್ದರು. 1962ರಲ್ಲಿ ಹೊಸದುರ್ಗದಲ್ಲಿ ಸೋತು ಬಾಗಲಕೋಟೆಯಲ್ಲಿ ಗೆದ್ದರು. 1967ರಲ್ಲಿ ಶಿಗ್ಗಾವಿಯಿಂದ ಬಂದರು. ನಾಡೆಲ್ಲ ಅವರ ಮನೆ. ಆದರೆ ಯಾವುದೊಂದು ಮನೆಯೂ ಸ್ಥಿರವಲ್ಲ. ಕಂಠಿಯವರಿಗೆ ಹುನಗುಂದವೇ ಗತಿ. ಮುಂಬಯಿಗೆ ಕಳುಹಿಸಿದ್ದು ಹುನಗುಂದ, ಬೆಂಗಳೂರಿಗೆ ಕಳುಹಿಸಿದ್ದೂ ಹುನಗುಂದ. ಪದವಿಯನ್ನು ಬಿಟ್ಟಾಗ ಹಿಂದಿರುಗಿ ನೋಡಲು ಇದ್ದದ್ದೂ ಹುನಗುಂದ. ಬೇರು ಗಟ್ಟಿಯಾಗಿದ್ದವನು ತುದಿಯ ಕೊಂಬೆಯನ್ನು ಬಿಟ್ಟುಕೊಡಲು ಅಂಜುವುದಿಲ್ಲವೇನೋ.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾಗಿ ಮುಖ್ಯಮಂತ್ರಿಪದವನ್ನು ಬಿಟ್ಟರು. ಮರುವರ್ಷದ ನವೆಂಬರಿನಲ್ಲಿ ಆ ಪಕ್ಷವೇ ಎರಡಾಯಿತು. ಮೊದಲ ಚುನಾವಣೆಯಿಂದಲೂ ಕಂಠಿಯವರು ಹೊತ್ತು ನಡೆದ ಜೋಡೆತ್ತಿನ ಪಕ್ಷವು ಹೀಗೆ ಹೋಳಾದುದನ್ನು ಕಾಣುವ ಯೋಗವೂ ಅವರಿಗೆ ತಪ್ಪಲಿಲ್ಲ. ಅದೇ 1969ರ ಡಿಸೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಆಗ ಅವರಿಗೆ ಅರವತ್ತೊಂದು ವರ್ಷ.

ಅವರ ತರುವಾಯದ ಹುನಗುಂದವು ಒಬ್ಬರನ್ನೇ ಬಹುಕಾಲ ನೆಚ್ಚಿಕೊಂಡ ಕ್ಷೇತ್ರವಾಗಿ ಉಳಿದಿಲ್ಲ. 2008ರಲ್ಲಿ ಭಾರತೀಯ ಜನತಾ ಪಕ್ಷವನ್ನೂ, 2013ರಲ್ಲಿ ಕಾಂಗ್ರೆಸ್ಸನ್ನೂ, 2018ರಲ್ಲಿ ಮತ್ತೆ ಜನತಾ ಪಕ್ಷವನ್ನೂ, 2023ರಲ್ಲಿ ಮತ್ತೆ ಕಾಂಗ್ರೆಸ್ಸನ್ನೂ ಅದು ಗೆಲ್ಲಿಸಿದೆ. ಒಮ್ಮೆ ಏರಿಸಿದವರನ್ನು ಇನ್ನೊಮ್ಮೆ ಇಳಿಸಿದೆ. 1997ರಲ್ಲಿ ವಿಜಾಪುರ ಜಿಲ್ಲೆಯು ಒಡೆದು ಬಾಗಲಕೋಟೆಯು ಜಿಲ್ಲೆಯಾದಾಗ ಹುನಗುಂದವು ಅದಕ್ಕೆ ಸೇರಿತು. ಮುಧೋಳದಲ್ಲಿ ಕಂಠಿಯವರ ಹೆಸರಿನ ಮಹಾವಿದ್ಯಾಲಯವಿದೆ. ಕಿತ್ತೂರಿನ ಶಾಲೆಯ ಅಂಗಳದಲ್ಲಿ ಸಮವಸ್ತ್ರವನ್ನು ತೊಟ್ಟ ಬಾಲಕಿಯರು ಹೆಜ್ಜೆ ಹಾಕುತ್ತಾರೆ. ಹುನಗುಂದದಿಂದ ಆರಿಸಿ ಬಂದು ಮುಖ್ಯಮಂತ್ರಿಯಾದವರು ಅವರ ಹೊರತು ಇನ್ನೊಬ್ಬರಿಲ್ಲ.